ದೇವರ ಮನೆಯಲ್ಲಿ ಚಪ್ಪಲಿ

ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಮನೆಯ ಕಟ್ಟೆಯ ಕೆಳಗೆ ಸದಾ ಹತ್ತಾರು ಜೊತೆ ಚಪ್ಪಲಿಗಳು ಬಿದ್ದಿರುತ್ತಿದ್ದವು. ಯಾರವೆಂದು ಯಾರೂ ಕೇಳುತ್ತಿರಲಿಲ್ಲ. ಶ್ರಾವಣದ ಒಂದು ಸೋಮವಾರ ಅಂಬೆಗಾಲಿಡುತ್ತಿದ್ದ ತಮ್ಮ ಅವುಗಳಲ್ಲೊಂದನ್ನು ದೇವರ ಮನೆಯವರೆಗೆ ಎಳೆದುಕೊಂಡು ಹೋದ. ಅಜ್ಜಿ ಎಬ್ಬಿಸಿದ ಗದ್ದಲಕ್ಕೆ ಓಣಿಯೇ ಬಂದು ನಿಂತಿತು. ಚಪ್ಪಲಿ ಅದೇ, ಇದ್ದ ಜಾಗ ಬೇರೆ.

ನಮ್ಮ ಕರುಳಿನ ಜೀವಕೋಶಗಳೂ ಅಜ್ಜಿಯ ಪೈಕಿಯವೇ. ಕರುಳಿನ ತುಂಬ ಇರುವ ಬ್ಯಾಕ್ಟೀರಿಯಾಗಳಲ್ಲಿ ಅನೇಕವುಗಳ ಹೊರಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಬೆಸೆದ ಲಿಪೊಪಾಲಿಸ್ಯಾಕರೈಡ್ ಎಂಬ ಅಣುವಿದೆ. ಹೆಸರು ಉದ್ದವಾಯಿತು, ಎಲ್‌ಪಿಎಸ್ ಎನ್ನೋಣ. ಅದು ಹೊರಗೆ, ಕರುಳಿನ ಕೊಳವೆಯಲ್ಲಿ ಇರುವಷ್ಟು ಕಾಲ ಈ ಕೋಶಗಳು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಕೋಶದೊಳಗಿನ ದ್ರವದಲ್ಲಿ ಕಂಡರೆ ಮಾತ್ರ ರಂಪ.

ಮಳೆಗಾಲದ ಕಲುಷಿತ ನೀರಿನಲ್ಲಿ ಬರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಹೀಗೆ ಒಳನುಗ್ಗುವುದರಲ್ಲಿ ಪಳಗಿದ ಕೈ. ರಕ್ತ ಬೀಳುವ ಆಮಶಂಕೆಗೆ ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು. ಕೋಶ ಇದನ್ನು ಪೊರೆಯ ಚೀಲದಲ್ಲಿ ಸುತ್ತಿ ಒಳಗೆಳೆದುಕೊಂಡರೆ, ಇದು ಚೀಲ ಹರಿದು ಹೊರಬರುತ್ತದೆ. ಆಗ ಜಿಬಿಪಿ ಎಂಬ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೈಗೆ ಮುತ್ತಿ ಎಲ್‌ಪಿಎಸ್‌ನ ಕೊಬ್ಬಿನ ಬುಡವನ್ನು ಬಯಲಿಗೆಳೆಯುತ್ತವೆ. ಅದನ್ನು ಹಿಡಿಯುವುದು ಕ್ಯಾಸ್ಪೇಸ್-4 ಎಂಬ ಕಿಣ್ವ.

ನನಗೆ ಸೋಜಿಗ ಎನಿಸುವುದು ಇದೇ. ಸಾಮಾನ್ಯವಾಗಿ ಪತ್ತೆ ಹಚ್ಚುವ ಪ್ರೋಟೀನ್ ಬೇರೆ, ಕತ್ತರಿಸುವ ಕಿಣ್ವ ಬೇರೆ. ಇಲ್ಲಿ ಕಾವಲುಗಾರನ ಕೈಯಲ್ಲೇ ಕತ್ತರಿ! ಕ್ಯಾಸ್ಪೇಸ್-4 ನೇರವಾಗಿ ಎಲ್‌ಪಿಎಸ್‌ಗೆ ಅಂಟಿಕೊಳ್ಳುತ್ತದೆ ಎಂಬುದನ್ನು 2014ರಲ್ಲಿ ಬೀಜಿಂಗ್‌ನ ಫೆಂಗ್ ಷಾವೊ ಅವರ ತಂಡ ತೋರಿಸಿತು. ಅದು ಕತ್ತರಿಸುವುದು ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನು. ಇದು ತಿಳಿದದ್ದು ಮರುವರ್ಷ. ತುಂಡಾದ ಮುಂಭಾಗಗಳು ಕೋಶದ ಪೊರೆಗೆ ಒಳಗಿನಿಂದಲೇ ತೂತು ಕೊರೆಯುತ್ತವೆ. ನೀರು ನುಗ್ಗಿ ಕೋಶ ಬೋಂಡದಂತೆ ಉಬ್ಬುತ್ತದೆ. ಅಕ್ಕಪಕ್ಕದ ಕೋಶಗಳು ಅದನ್ನು ಬ್ಯಾಕ್ಟೀರಿಯಾ ಸಮೇತ ಕರುಳಿನ ಕೊಳವೆಗೆ ತಳ್ಳಿಬಿಡುತ್ತವೆ.

ಎಲ್ಲ ಕಾವಲುಗಾರರೂ ಇಷ್ಟು ಮುಂಗೋಪಿಗಳಲ್ಲ. ನಾಡ್1, ನಾಡ್2 ಎಂಬವು ಬ್ಯಾಕ್ಟೀರಿಯಾದ ಗೋಡೆಯ ಚೂರುಗಳನ್ನು ಗುರುತಿಸಿ ಉರಿಯೂತಕ್ಕೆ ಕರೆ ಕೊಡುತ್ತವೆ, ಅಷ್ಟೇ.

ಶಿಗೆಲ್ಲಾ ಇದನ್ನೆಲ್ಲ ನೋಡುತ್ತ ಕೂರುವ ಪೈಕಿಯಲ್ಲ. ತನ್ನ ಮೈಮೇಲಿನ ಸೂಜಿಯಂಥ ಕೊಳವೆಗಳಿಂದ ಕೋಶದೊಳಕ್ಕೆ ಪ್ರೋಟೀನುಗಳನ್ನು ಚುಚ್ಚುತ್ತದೆ. ಅವುಗಳಲ್ಲಿ ಒಂದು, ಜಿಬಿಪಿಗಳ ಮೇಲೆ ನಾಶದ ಮುದ್ರೆ ಒತ್ತಿ ಕೋಶದ ಕೈಯಿಂದಲೇ ಅವುಗಳನ್ನು ಚೂರು ಮಾಡಿಸುತ್ತದೆ. ಇನ್ನೊಂದು, ಕ್ಯಾಸ್ಪೇಸ್-4ರ ಒಂದೇ ಒಂದು ಅಮೈನೋ ಆಮ್ಲವನ್ನು ರಾಸಾಯನಿಕವಾಗಿ ಬದಲಿಸಿ ಕತ್ತರಿಯನ್ನು ಮೊಂಡಾಗಿಸುತ್ತದೆ.