ಹುಳು ನೂತದ್ದನ್ನು ಮತ್ತೆ ನೂಲುವುದೇಕೆ?

ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ, ಎಳೆಯ ತುದಿ ಹುಡುಕಿ ಬಿಚ್ಚುತ್ತಾ ಹೋದರೆ ಸುಮಾರು ಒಂದು ಕಿಲೋಮೀಟರ್ ಉದ್ದದ ನೂಲು ಸಿಗುತ್ತದೆ. ಇಷ್ಟು ಚೆಂದದ ಎಳೆಯನ್ನು ಪ್ರಯೋಗಾಲಯಕ್ಕೆ ತಂದು ಮೊದಲು ಕರಗಿಸುತ್ತಾರೆ. ಆಮೇಲೆ ಮತ್ತೆ ನೂಲುತ್ತಾರೆ. ಹುಳು ಮಾಡಿಟ್ಟ ಕೆಲಸವನ್ನು ಬಿಚ್ಚಿ ಮತ್ತೆ ಮಾಡುವುದು ಯಾಕೆ?

ಎಳೆಯ ದಪ್ಪ ನೋಡಿ. ಸುಮಾರು 10ರಿಂದ 20 ಮೈಕ್ರೊಮೀಟರ್ (ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಮ್ಮ ಕಣ್ಣಿಗೆ ತೆಳು, ಆದರೆ ಎಷ್ಟೋ ಜೀವಕೋಶಗಳು ಇರುವುದೇ ಅಷ್ಟು ದೊಡ್ಡದು. ಅವಕ್ಕೆ ಇದು ನೂಲಲ್ಲ, ತೊಲೆ. ಚರ್ಮದೊಳಗೆ ಜೀವಕೋಶಗಳು ಹಿಡಿದು ಕೂರುವುದು ಕೊಲಾಜೆನ್ ಎಂಬ ಪ್ರೋಟೀನಿನ ನಾರಿನ ಬಲೆಯನ್ನು. ಆ ನಾರುಗಳು ಬರೀ 50ರಿಂದ 500 ನ್ಯಾನೊಮೀಟರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರೊಮೀಟರ್). ಸುಟ್ಟ ಚರ್ಮವನ್ನೋ ತುಂಡಾದ ನರವನ್ನೋ ಮತ್ತೆ ಬೆಳೆಸಬೇಕಾದರೆ ಅಷ್ಟೇ ಸಣ್ಣ ನಾರಿನ ಆಸರೆ ಬೇಕು, ಬಳ್ಳಿಗೆ ಚಪ್ಪರ ಬೇಕಲ್ವಾ, ಹಾಗೆ. ಬಳ್ಳಿ ಹಬ್ಬಿದ ಮೇಲೆ ಈ ಚಪ್ಪರ ತಾನಾಗಿ ಕರಗಿಹೋಗಬೇಕು.

ಗೂಡಿನ ಚೂರುಗಳನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಸೆರಿಸಿನ್ ಎಂಬ ಅಂಟು ಬಿಟ್ಟುಹೋಗುತ್ತದೆ. ಗೂಡಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದೇ. ಉಳಿಯುವುದು ಫೈಬ್ರೊಯಿನ್, ಅಂದರೆ ರೇಷ್ಮೆ ಎಳೆಯ ತಿರುಳಾದ ಪ್ರೋಟೀನು, ಹಿಂಜಿದ ಹತ್ತಿಯ ಹಾಗೆ ಕಾಣುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಲಿಥಿಯಂ ಬ್ರೋಮೈಡ್ ಉಪ್ಪಿನ ಗಾಢ ದ್ರಾವಣದಲ್ಲಿ ಹಾಕಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ ಜೇನಿನ ಬಣ್ಣದ ದ್ರವವಾಗುತ್ತದೆ. ಆಮೇಲೆ ಉಪ್ಪನ್ನು ತೆಗೆಯುತ್ತಾರೆ.

ಇನ್ನು ನೂಲುವ ಹಂತ. ನನಗೆ ತುಂಬಾ ಇಷ್ಟವಾಗುವುದು ಇದೇ. ದ್ರಾವಣ ತುಂಬಿದ ಸಿರಿಂಜ್‌ನ ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡುತ್ತಾರೆ. ತುದಿಯಲ್ಲಿ ತೂಗುವ ಗುಂಡನೆಯ ಹನಿ ಹಿಗ್ಗಿ ಶಂಕುವಿನ ಆಕಾರಕ್ಕೆ ಬರುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಜೆಫ್ರಿ ಟೇಲರ್ 1964ರಲ್ಲಿ ಇದರ ಲೆಕ್ಕ ಬಿಡಿಸಿದರು, ಹಾಗಾಗಿ ಅದಕ್ಕೆ ಟೇಲರ್ ಶಂಕು ಎಂದೇ ಹೆಸರು. ಶಂಕುವಿನ ಮೊನೆಯಿಂದ ಒಂದು ಸಣ್ಣ ಧಾರೆ ಚಿಮ್ಮುತ್ತದೆ. ಅದರ ಮೈತುಂಬಾ ಒಂದೇ ಬಗೆಯ ವಿದ್ಯುತ್ ಇರುವುದರಿಂದ ಧಾರೆ ತನ್ನನ್ನು ತಾನೇ ದೂಡಿಕೊಂಡು ಚಾಟಿಯಂತೆ ಸುತ್ತಿ ಸುತ್ತಿ ಹಾರುತ್ತದೆ. ಹಾರುತ್ತಲೇ ಹಿಗ್ಗುತ್ತದೆ, ತೆಳ್ಳಗಾಗುತ್ತದೆ, ಒಣಗುತ್ತದೆ. ಎದುರಿನ ಲೋಹದ ಹಾಳೆಯ ಮೇಲೆ ಬಿಳಿ ಕಾಗದದಂಥ ಪದರವೊಂದು ಕೂರುತ್ತದೆ. ಅದರೊಳಗಿನ ನಾರುಗಳ ದಪ್ಪ ಕೆಲವು ನೂರು ನ್ಯಾನೊಮೀಟರ್, ಕೊಲಾಜೆನ್ನಿನ ಅಳತೆಗೆ ಹತ್ತಿರ.

ಆದರೆ ಈ ಹೊಸ ಪದರ ನೀರು ತಾಗಿದರೆ ಕರಗಿಹೋಗುತ್ತದೆ. ಅದಕ್ಕೇ ಮೆಥನಾಲ್ ಎಂಬ ಒಂದು ಬಗೆಯ ಆಲ್ಕೋಹಾಲ್‌ನಲ್ಲಿ ಅದ್ದುತ್ತಾರೆ. ಆಗ ಪ್ರೋಟೀನಿನ ಸರಪಳಿಗಳು ನೆರಿಗೆ ಹಿಡಿದಂತೆ ಒಂದಕ್ಕೊಂದು ಒತ್ತಾಗಿ ಜೋಡಿಕೊಳ್ಳುತ್ತವೆ. ಇಂಥ ಜೋಡಣೆ ಜಾಸ್ತಿಯಾದಷ್ಟೂ ಪದರ ದೇಹದಲ್ಲಿ ನಿಧಾನವಾಗಿ ಕರಗುತ್ತದೆ. ಬೇಗ ಮಾಯುವ ಗಾಯಕ್ಕೆ ಒಂದು ಬಗೆ, ತಡವಾಗಿ ಬೆಳೆಯುವ ಮೂಳೆಗೆ ಇನ್ನೊಂದು ಬಗೆ ಮಾಡಲು ಸಾಧ್ಯವಾಗುವುದು ಇದರಿಂದಲೇ. ಹಾಳೆಯ ಬದಲು ತಿರುಗುವ ಉರುಳೆ ಇಟ್ಟರೆ ನಾರುಗಳು ಒಂದೇ ದಿಕ್ಕಿಗೆ ಸಾಲಾಗಿ ಕೂರುತ್ತವೆ, ನರಕೋಶದ ಎಳೆಗಳು ಆ ಸಾಲು ಹಿಡಿದೇ ಚಾಚಿಕೊಳ್ಳುತ್ತವೆ.

ದೊಡ್ಡ ತೊಡಕೊಂದು ಇದೆ. ನಾರು ಸಣ್ಣದಾದಷ್ಟೂ ನಡುವಿನ ಸಂದುಗಳೂ ಸಣ್ಣವಾಗುತ್ತವೆ. ಜೀವಕೋಶಗಳು ಮೇಲೆ ಚೆನ್ನಾಗಿ ಹರಡುತ್ತವೆ, ಒಳಗೆ ಇಳಿಯಲು ಮಾತ್ರ ದಾರಿ ಇಲ್ಲ. ಇದಕ್ಕೆ ಒಂದು ಉಪಾಯವೆಂದರೆ, ರೇಷ್ಮೆಯ ಜೊತೆಜೊತೆಗೇ ನೀರಿನಲ್ಲಿ ಕರಗುವ ಬೇರೆ ನಾರನ್ನೂ ನೂತು, ಕೊನೆಗೆ ತೊಳೆದುಬಿಡುವುದು. ಅದು ಬಿಟ್ಟುಹೋದ ಜಾಗವೇ ಜೀವಕೋಶಗಳಿಗೆ ಒಳದಾರಿ.