ಕಿಡ್ನಿ ಕೊಡುವವರನ್ನು ಮನೆಯೊಳಗೇ ಯಾಕೆ ಹುಡುಕಬೇಕು?

ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನ ಮನೆ ಹಿಂದೆಯೇ ತೆಂಗಿನ ತೋಟ. ಮೂರು ವರ್ಷದಿಂದ ಅವರು ಒಂದು ಎಳನೀರೂ ಕುಡಿದಿಲ್ಲ. ಕಿಡ್ನಿ ಕೆಟ್ಟರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಜಾಸ್ತಿಯಾದರೆ ಹೃದಯವೇ ನಿಂತುಹೋಗಬಹುದು. ಎಳನೀರಲ್ಲಿ ಅದು ತುಂಬ ಇದೆ. ಆಲೂಗಡ್ಡೆಯನ್ನೂ ಚಿಕ್ಕಮ್ಮ ಸಣ್ಣಗೆ ಹೆಚ್ಚಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ ಆಮೇಲೆ ಪಲ್ಯ ಮಾಡುತ್ತಾರೆ. ವಾರಕ್ಕೆ ಎರಡು ದಿನ ಬಸ್ಸಲ್ಲಿ ಹಾಸನಕ್ಕೆ ಹೋಗಿ ನಾಲ್ಕು ತಾಸು ಡಯಾಲಿಸಿಸ್. ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್ ಅನ್ನುವುದು ತಿಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಚಿಕ್ಕಮ್ಮ ಅದನ್ನು ಮುಟ್ಟಿ ನೋಡುತ್ತಾರೆ.

'ಬದಲಿ ಕಿಡ್ನಿ ಹಾಕಿಸಿದರೆ ಒಳ್ಳೇದು, ಮನೆಯಲ್ಲಿ ಯಾರಾದರೂ ಕೊಡ್ತಾರಾ ನೋಡಿ' ಎಂದರು ಡಾಕ್ಟರು. ಯಾಕೆ ಮನೆಯಲ್ಲೇ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಕಾರಣ ದೇಹದ್ದೇ ಆಗಿತ್ತು. ಬೇರೆಯವರ ಅಂಗವನ್ನು ದೇಹ ಶತ್ರು ಎಂದು ಹೊರಗೆ ತಳ್ಳುತ್ತದೆ. 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮಾಡಿದ ಕಿಡ್ನಿ ಕಸಿ ಗೆದ್ದಿದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕಸಿ ಯಶಸ್ವಿಯಾದಾಗಲೂ ರಕ್ತಸಂಬಂಧಿಯ ಕಿಡ್ನಿಯೇ ಭರವಸೆ. 1980ರ ದಶಕದಲ್ಲಿ, ದೇಹ ಹೀಗೆ ಹೊರಗೆ ತಳ್ಳುವುದನ್ನು ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧಿ ಬಂತು. ಸಂಬಂಧವೇ ಇಲ್ಲದವರ ಕಿಡ್ನಿಯೂ ಉಳಿಯತೊಡಗಿತು.

ಅಲ್ಲಿಂದಲೇ ದಂಧೆಯೂ ಶುರುವಾಯಿತು. ಯಾರದಾದರೂ ನಡೆಯುತ್ತದೆ ಅಂದ ಮೇಲೆ ಸಾಲದಲ್ಲಿ ಮುಳುಗಿದವರ ಮನೆ ಬಾಗಿಲಿಗೆ ದಲ್ಲಾಳಿ ಬರದೇ ಇರುತ್ತಾನಾ? ಮದರಾಸು, ಮುಂಬೈ, ನಮ್ಮ ಬೆಂಗಳೂರು, ಎಲ್ಲ ಕಡೆ ಬಡವರು ಕಿಡ್ನಿ ಮಾರಿದರು. ದುಡ್ಡಿನ ದೊಡ್ಡ ಪಾಲು ನಡುವಿನವರಿಗೆ ಹೋಯಿತು. ಸಾಲ ತೀರಲಿಲ್ಲ, ಹೊಟ್ಟೆಯ ಪಕ್ಕದ ಗಾಯದ ಗುರುತು ಉಳಿಯಿತು. ಅದನ್ನು ತಡೆಯಲು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು ಮಾತ್ರ ಹತ್ತಿರದ ಸಂಬಂಧಿಗಳು ಎಂದಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ ದಾರಿ ಬಿಟ್ಟಿತು. ಅಂಗ ಮಾರಿದರೆ, ಕೊಂಡರೆ ಈಗ 10 ವರ್ಷದವರೆಗೆ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ಈ ಕಾಯ್ದೆ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಊರಗಲ ಇದ್ದ ಹುಡುಕಾಟ ಅದರಿಂದ ಒಂದು ಮನೆಯ ಪಡಸಾಲೆಗೆ ಬಂದು ಕೂತಿತು. ಅಲ್ಲಿ ಎಲ್ಲರ ಕಣ್ಣೂ ಮೊದಲು ಹೆಂಗಸರ ಕಡೆಗೇ ಹೋಗುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ.

ನಮ್ಮಲ್ಲೂ ಹಾಗೇ ಆಯಿತು. 'ನಂದೇ ಕೊಡ್ತೀನಿ' ಎಂದು ಮೊದಲು ಹೇಳಿದ್ದು ಚಿಕ್ಕಮ್ಮ. ಅವರದು ಎ ಗುಂಪು, ಚಿಕ್ಕಪ್ಪನದು ಓ. ಓ ಗುಂಪಿನವರಿಗೆ ಓ ಗುಂಪಿನವರದೇ ಹೊಂದುವುದು. ಗುಂಪು ಬೇರೆಯಾದರೂ ಕಸಿ ಮಾಡುವ ವಿಧಾನ ಈಗ ಇದೆ, ಖರ್ಚು ನಮ್ಮ ಕೈಗೆ ಮೀರಿದ್ದು. ನಮ್ಮಪ್ಪನಿಗೆ ಶುಗರ್. ಉಳಿದವರು ಅತ್ತೆ, ಅಂದರೆ ಚಿಕ್ಕಪ್ಪನ ಒಡಹುಟ್ಟಿದವರು. ದಾನಿ ಹೆಂಗಸಾದರೆ ಅವರ ಒಪ್ಪಿಗೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಇರಬೇಕು ಎಂದು 2014ರ ನಿಯಮವೇ ಹೇಳುತ್ತದೆ. ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕಳಿಸಿ ಅತ್ತೆಯ ಜೊತೆ ಮಾತಾಡಿದರು. ಆಮೇಲೆ ಕರೆದು 'ಇವರದು ಆಗೋದಿಲ್ಲ' ಎಂದರಷ್ಟೆ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಒಂದು ಕೊಟ್ಟರೂ ಉಳಿದ ಕಿಡ್ನಿಯಲ್ಲಿ ಆರೋಗ್ಯವಾಗಿ ಬಾಳಬಹುದು ನಿಜ, ಆದರೂ ಅದು ಅವರ ದೇಹ.

ಮೆದುಳು ನಿಷ್ಕ್ರಿಯರಾದವರಿಂದ ಸಿಗುವ ಕಿಡ್ನಿಗೆ ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿದ್ದೇವೆ. ಆ ಕಾಯುವಿಕೆ ವರ್ಷಗಟ್ಟಲೆಯದು.

ಅಷ್ಟರಲ್ಲಿ ಚಿಕ್ಕಪ್ಪನ ಷಡ್ಡಕ ತಾವಾಗಿ ಮುಂದೆ ಬಂದರು. ಅವರದೂ ಓ ಗುಂಪು. ಹಬ್ಬ, ಜಾತ್ರೆ, ಶುಂಠಿ ಹಾಕುವುದು ಎಲ್ಲದರಲ್ಲೂ ಜೊತೆಗಿದ್ದವರು, ಆದರೆ ಕಾಯ್ದೆಯ ಲೆಕ್ಕದಲ್ಲಿ ಹೊರಗಿನವರು. ಪ್ರೀತಿ, ಒಡನಾಟದ ಕಾರಣಕ್ಕೆ ಕೊಡುತ್ತಿದ್ದಾರೆ ಎಂದು ಇಂಥ ಕಸಿಗೆ ಅನುಮತಿ ಕೊಡುವ ಅಧಿಕಾರ ಸಮಿತಿಗೆ ಮನವರಿಕೆ ಆಗಬೇಕು. ಇಬ್ಬರದೂ ಮೂರು ವರ್ಷದ ಆದಾಯದ ದಾಖಲೆ ಬೇಕು. ಷಡ್ಡಕರ ಹೆಂಡತಿಯನ್ನೂ ಕೂರಿಸಿ, ವಿಷಯ ಗೊತ್ತಾ ಎಂದು ಕೇಳುತ್ತಾರೆ. ಇಬ್ಬರೂ ಜೊತೆಗಿರುವ ಹಳೆಯ ಫೋಟೋಗಳನ್ನು ನೋಡುತ್ತಾರೆ.

ಹೋದ ಭಾನುವಾರ ಚಿಕ್ಕಮ್ಮ ಬೀರುವಿನಿಂದ ತಂಗಿಯ ಮದುವೆ ಆಲ್ಬಂ ತೆಗೆದರು. ಪ್ಲಾಸ್ಟಿಕ್ ಹಾಳೆಗೆ ಫೋಟೋ ಅಂಟಿಕೊಂಡಿತ್ತು. ಬಾಳೆಕಂಬದ ಪಕ್ಕ ಚಿಕ್ಕಪ್ಪ ಹೊಸ ಷಡ್ಡಕನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ. ಅದನ್ನು ಹರಿಯದ ಹಾಗೆ ಬಿಡಿಸಲು ಚಿಕ್ಕಮ್ಮನಿಗೆ ಅರ್ಧ ಗಂಟೆ ಹಿಡಿಯಿತು.