ಮಾನವೀಯತೆ ವಿರುದ್ಧದ ಅಪರಾಧ: ಅಲ್ಪವಿರಾಮ ಹಾಕಿದ ಗಂಟು

ಸರ್ಕಾರವೊಂದು ತನ್ನದೇ ಪ್ರಜೆಗಳನ್ನು ಕೊಂದರೆ ಹೊರಗಿನವರು ವಿಚಾರಣೆ ನಡೆಸಬಹುದೇ? 1945ಕ್ಕೆ ಮುಂಚೆ ಕಾನೂನಿನ ಉತ್ತರ ಹೆಚ್ಚುಕಡಿಮೆ ‘ಇಲ್ಲ’ ಎಂದೇ ಇತ್ತು. ಶತ್ರುದೇಶದ ನಾಗರಿಕರನ್ನು ಕೊಂದರೆ ಯುದ್ಧಾಪರಾಧ, ಸ್ವಂತ ನಾಗರಿಕರನ್ನು ಕೊಂದರೆ ಆಂತರಿಕ ವಿಷಯ. ಈ ಕಂದಕ ಮುಚ್ಚಲೆಂದೇ ಎರಡನೇ ಮಹಾಯುದ್ಧ ಗೆದ್ದ ನಾಲ್ಕು ರಾಷ್ಟ್ರಗಳು (ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ) ನಾಜಿ ನಾಯಕರ ವಿಚಾರಣೆಗೆ ನ್ಯೂರೆಂಬರ್ಗ್ ನ್ಯಾಯಮಂಡಳಿಯನ್ನು ರಚಿಸಿದ 1945ರ ಆಗಸ್ಟ್ 8ರ ಲಂಡನ್ ಸನ್ನದಿಗೆ ‘ಮಾನವೀಯತೆ ವಿರುದ್ಧದ ಅಪರಾಧ’ವೆಂಬ 6(ಸಿ) ಕಲಮನ್ನು ಸೇರಿಸಿದವು.

ಗೋಜಲು ಶುರುವಾಗಿದ್ದೂ ಅಲ್ಲೇ. ಕಲಮಿನ ಮೊದಲ ಭಾಗದಲ್ಲಿ ಕೊಲೆ, ಸಾಮೂಹಿಕ ನಿರ್ನಾಮ, ಗುಲಾಮಗಿರಿ, ಗಡಿಪಾರು. ಎರಡನೆಯದರಲ್ಲಿ ರಾಜಕೀಯ, ಜನಾಂಗ, ಧರ್ಮದ ಕಾರಣಕ್ಕೆ ಕೊಡುವ ಕಿರುಕುಳ. ಅದರ ಬೆನ್ನಿಗೇ, ನ್ಯಾಯಮಂಡಳಿಯ ವ್ಯಾಪ್ತಿಯ ಬೇರೊಂದು ಅಪರಾಧಕ್ಕೆ, ಅಂದರೆ ಆಕ್ರಮಣಕಾರಿ ಯುದ್ಧಕ್ಕೆ ಅಥವಾ ಯುದ್ಧಾಪರಾಧಕ್ಕೆ, ನಂಟಿರಬೇಕೆಂಬ ಷರತ್ತು. ಇಂಗ್ಲಿಷ್, ಫ್ರೆಂಚ್ ಪಠ್ಯಗಳಲ್ಲಿ ಎರಡು ಭಾಗಗಳ ನಡುವೆ ಅರ್ಧವಿರಾಮವಿತ್ತು, ರಷ್ಯನ್ ಪಠ್ಯದಲ್ಲಿ ಅಲ್ಪವಿರಾಮ. ಅರ್ಧವಿರಾಮವಾದರೆ ಷರತ್ತು ಕಿರುಕುಳಕ್ಕಷ್ಟೇ ಅನ್ವಯ, ಅಲ್ಪವಿರಾಮವಾದರೆ ಕೊಲೆಗೂ. ಅಕ್ಟೋಬರ್ 6ರಂದು ಬರ್ಲಿನ್‌ನಲ್ಲಿ ಪ್ರತ್ಯೇಕ ಪ್ರೋಟೊಕಾಲ್‌ಗೆ ಸಹಿ ಹಾಕಿ ರಷ್ಯನ್ ಪಠ್ಯವೇ ಸರಿ ಎಂದು ತೀರ್ಮಾನಿಸಿದರು.

ಹೀಗಾಗಿ ಹತ್ಯೆಯನ್ನು ಸಾಬೀತುಪಡಿಸಿದರೆ ಸಾಲದು, ಅದಕ್ಕೂ ಯುದ್ಧಕ್ಕೂ ಇರುವ ಎಳೆಯನ್ನೂ ತೋರಿಸಬೇಕಾಯಿತು. 1939ಕ್ಕೆ ಮುಂಚೆ ಜರ್ಮನಿಯಲ್ಲಿ ಯಹೂದಿಗಳ ಮೇಲೆ ನಡೆದ ದೌರ್ಜನ್ಯ ನಿಜವೆಂದು ನ್ಯೂರೆಂಬರ್ಗ್ ತೀರ್ಪು ಒಪ್ಪಿತು. ಆದರೆ ಎಳೆ ಸಿಗಲಿಲ್ಲವೆಂದು ಅದನ್ನು ಈ ಅಪರಾಧದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟಿದ್ದೂ ಹೊರಗುಳಿಯಿತು. ವರ್ಷಗಟ್ಟಲೆ ದ್ವೇಷ ಅಚ್ಚುಹಾಕಿದ ಪತ್ರಿಕೆಯ ಯಜಮಾನ ಜೂಲಿಯಸ್ ಸ್ಟ್ರೈಖರ್‌ಗೆ ಗಲ್ಲಾಗಿದ್ದು, ಯುದ್ಧಕಾಲದಲ್ಲಿ ಪೂರ್ವದಲ್ಲಿ ಕಗ್ಗೊಲೆ ನಡೆಯುತ್ತಿದ್ದಾಗ ಅವನು ಬರೆದ ಪ್ರಚೋದನೆಗಾಗಿ.

ಇದನ್ನು ಬರೀ ಕರಡು ದೋಷವೆಂದು ನಂಬುವುದು ಕಷ್ಟ. ಅಮೆರಿಕದಲ್ಲೂ ಅಲ್ಪಸಂಖ್ಯಾತರಿಗೆ ಅನ್ಯಾಯವಾಗುವ ಸಂದರ್ಭಗಳಿವೆಯೆಂದು ಅಮೆರಿಕದ ಪ್ರತಿನಿಧಿ ರಾಬರ್ಟ್ ಜಾಕ್ಸನ್ ಲಂಡನ್ ಮಾತುಕತೆಯಲ್ಲೇ ಒಪ್ಪಿಕೊಂಡಿದ್ದರು. ಯುದ್ಧದ ನಂಟು ಇಲ್ಲದಿದ್ದರೆ ಈ ಕಾನೂನು ವಸಾಹತುಗಳಿದ್ದವರ, ಶ್ರಮಶಿಬಿರಗಳಿದ್ದವರ ಕಾಲಬುಡಕ್ಕೂ ಬರುತ್ತಿತ್ತು.

ಗಂಟು ಬಿಚ್ಚಲು ಅರ್ಧ ಶತಮಾನ ಹಿಡಿಯಿತು. ಸೋತ ಜರ್ಮನಿಯನ್ನು ಆಳುತ್ತಿದ್ದ ಅದೇ ನಾಲ್ಕು ರಾಷ್ಟ್ರಗಳ ನಿಯಂತ್ರಣ ಮಂಡಳಿಯ 10ನೇ ಕಾನೂನು 1945ರ ಡಿಸೆಂಬರ್‌ನಲ್ಲೇ ಷರತ್ತನ್ನು ಕೈಬಿಟ್ಟರೂ ಉದ್ಯಮಿ ಫ್ಲಿಕ್ ಪ್ರಕರಣದ ನ್ಯಾಯಾಧೀಶರು 1939ರ ಹಿಂದಕ್ಕೆ ಹೋಗಲು ಒಪ್ಪಲಿಲ್ಲ. 1948ರ ನರಮೇಧ ಒಪ್ಪಂದ ‘ಶಾಂತಿಯಿರಲಿ, ಯುದ್ಧವಿರಲಿ’ ಎಂದಿತು, ಆದರೆ ಒಂದೇ ಅಪರಾಧಕ್ಕೆ. 1993ರ ಯುಗೊಸ್ಲಾವಿಯಾ ನ್ಯಾಯಮಂಡಳಿಯ ಶಾಸನಕ್ಕೆ ಮತ್ತೆ ಸಶಸ್ತ್ರ ಸಂಘರ್ಷ ಬೇಕಾಯಿತು. ಮರುವರ್ಷ ರುವಾಂಡಕ್ಕೆ ಬೇಡವಾಯಿತು. ರೂಢಿಗತ ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ನಂಟು ಈಗ ಅಗತ್ಯವಿಲ್ಲವೆಂದು ಯುಗೊಸ್ಲಾವಿಯಾ ನ್ಯಾಯಮಂಡಳಿಯದೇ ಮೇಲ್ಮನವಿ ಪೀಠ ತಾದಿಚ್ ಪ್ರಕರಣದಲ್ಲಿ 1995ರಲ್ಲಿ ಹೇಳಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಶಾಸನದ 7ನೇ ವಿಧಿ ಯುದ್ಧವನ್ನು ಬಿಟ್ಟು, ನಾಗರಿಕರ ಮೇಲೆ ‘ವ್ಯಾಪಕ ಅಥವಾ ವ್ಯವಸ್ಥಿತ ದಾಳಿ’ಯನ್ನು ಅಳತೆಗೋಲಾಗಿಸಿತು. ಜೊತೆಗೆ ಆ ದಾಳಿಯ ಹಿಂದೆ ರಾಜ್ಯದ ಅಥವಾ ಸಂಘಟನೆಯ ನೀತಿಯಿತ್ತೆಂದು ತೋರಿಸಬೇಕು. ಲಿಖಿತ ಆದೇಶ ಅಪರೂಪವಾದ್ದರಿಂದ ಇದನ್ನು ಸಾಬೀತುಪಡಿಸುವುದು ಕಷ್ಟ.

ಭಾರತ ನರಮೇಧ ಒಪ್ಪಂದವನ್ನು 1959ರಲ್ಲಿ ಸ್ಥಿರೀಕರಿಸಿತು, ರೋಮ್ ಶಾಸನಕ್ಕೆ ಸಹಿ ಹಾಕಿಲ್ಲ. ನರಮೇಧ, ಮಾನವೀಯತೆ ವಿರುದ್ಧದ ಅಪರಾಧ ಎರಡೂ ನಮ್ಮ ಕಾನೂನಿನಲ್ಲಿಲ್ಲ, ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕು ಎಂದು 1984ರ ಸಿಖ್ಖರ ಹತ್ಯಾಕಾಂಡದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಸೇರಿಲ್ಲ. ಇಂಥ ಪ್ರಕರಣಗಳು ಈಗಲೂ ಕೊಲೆ, ದೊಂಬಿ, ಒಳಸಂಚು ಎಂದು ಬಿಡಿಬಿಡಿ ಎಫ್‌ಐಆರ್‌ಗಳಾಗಿಯೇ ನಡೆಯಬೇಕು.